ನಮ್ಮ ನೆಲ್ಲಿಗೆ ರೇಟು ಕಟ್ಟೋರು ಯಾರು? ನಾಲ್ಕು ತಾಲೂಕಿನಿಂದ ಕಲಿತ ಒಂದು ಪಾಠ



ಹಾಸ್ಟೆಲ್‌ನ ನಮ್ಮ ರೂಮಿನಲ್ಲಿ ನಾಲ್ವರಿದ್ದೀವಿ. ಒಬ್ಬ ಗಂಗಾವತಿಯವನು, ಒಬ್ಬ ಕುಷ್ಟಗಿಯವನು, ಒಬ್ಬ ಯಲಬುರ್ಗಾದವನು, ಇನ್ನೊಬ್ಬ ಕೊಪ್ಪಳದವನು. ಎಲ್ಲರದೂ ಒಂದೇ ಜಿಲ್ಲೆ. ಸೀಟು ಸಿಕ್ಕಿದ್ದು 371ಜೆ ಕೋಟಾದಲ್ಲಿ, ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಕನ್ನಡದಲ್ಲಿ ಇಷ್ಟುದ್ದ ಬರೆಯೋದು ನಮಗೆ ಇದೇ ಮೊದಲು. ತಪ್ಪಿದ್ದರೆ ತಿದ್ದಿ, ಓದೋದು ಮಾತ್ರ ಅರ್ಧಕ್ಕೆ ಬಿಡಬೇಡಿ.

ವಿಷಯ ಶುರುವಾಗಿದ್ದು ಹೀಗೆ. ನಮ್ಮ ಗಂಗಾವತಿ ಗೆಳೆಯನಿಗೆ ಬಿಇ ಆದ ಮೇಲೆ ಎಂಟೆಕ್ ಬೇಡ, ಎಂಬಿಎನೂ ಬೇಡ. ಅಂತಾರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರದಲ್ಲಿ ಮಾಸ್ಟರ್ಸ್ ಮಾಡಬೇಕು ಅಂತ ಆಸೆ. ರಜೆಗೆ ಹೋದಾಗ ಮನೆಯಲ್ಲಿ ಹೇಳಿಯೇಬಿಟ್ಟ. ಬಿಇಗೇ ಸಾಲ ಮಾಡಿರೋ ಮನೆ ಅದು. ಅವರ ಅಪ್ಪ ಸಿಟ್ಟಾಗಲಿಲ್ಲ. ಊಟ ಮುಗಿಸಿ ಕೈ ತೊಳೆದು ಬಂದು ಕೇಳಿದರು: "ಹಂಗಂದ್ರೇನಪಾ? ನಮ್ಮ ನೆಲ್ಲಿಗೆ ರೇಟು ಕಟ್ಟೋರು ಯಾರು, ಅದನ್ನ ಹೇಳಿಕೊಡ್ತಾರೇನು ಅದರಾಗ?"

ಇವನಿಗೆ ಉತ್ತರ ಹೊಳೆಯಲಿಲ್ಲ. ಇಂಗ್ಲಿಷ್‌ನಲ್ಲಿ ಗೊತ್ತಿದ್ದ ನಾಲ್ಕು ದೊಡ್ಡ ಪದಗಳು ಅಪ್ಪನ ಮುಂದೆ ಕೆಲಸಕ್ಕೆ ಬರಲಿಲ್ಲ. ವಾಪಸ್ ಬಂದು ಅದೇ ಪ್ರಶ್ನೆಯನ್ನ ನಮ್ಮ ಮುಂದೆ ಇಟ್ಟ. ನಮಗೂ ಗೊತ್ತಿರಲಿಲ್ಲ. ಆಮೇಲೆ ಪ್ರತಿ ಭಾನುವಾರ ಮೆಸ್ ಊಟ ಆದ ಮೇಲೆ ಎರಡು ಗಂಟೆ ಕೂತು ಓದಿದೆವು. ಈ ಪಾಠ ಆ ಓದಿನ ಫಲ.

ಮೊದಲು, ಈ ವಿಷಯ ಏನು?

ನಾವು ಇಂಜಿನಿಯರಿಂಗ್‌ನವರಲ್ವಾ, ಒಂದು ಸರ್ಕ್ಯೂಟ್‌ನಿಂದ ಶುರು ಮಾಡೋಣ. ಪರೀಕ್ಷೆಯಲ್ಲಿ ಸರ್ಕ್ಯೂಟ್ ಕೊಟ್ಟರೆ ಕಿರ್ಕಾಫ್ ನಿಯಮ ಹಾಕಿ ಯಾವ ಬ್ರಾಂಚಿನಲ್ಲಿ ಎಷ್ಟು ಕರೆಂಟ್ ಅಂತ ಬಿಡಿಸ್ತೀವಿ. ಈ ಸರ್ಕ್ಯೂಟ್ ಬರೆದವರು ಯಾರು, ಆ ಸ್ವಿಚ್ ಯಾರ ಕೈಯಲ್ಲಿದೆ ಅಂತ ಪ್ರಶ್ನೆಪತ್ರಿಕೆ ಕೇಳಲ್ಲ. ಅರ್ಥಶಾಸ್ತ್ರದ ಪಠ್ಯಪುಸ್ತಕವೂ ಬಹಳ ಸಲ ಹೀಗೇ ಇರುತ್ತೆ: ಬೇಡಿಕೆ ಇಷ್ಟು, ಪೂರೈಕೆ ಇಷ್ಟು, ಬೆಲೆ ಕಂಡುಹಿಡಿ. ರಾಜ್ಯಶಾಸ್ತ್ರ ಸ್ವಿಚ್ ಹಿಡಿದವರ ಬಗ್ಗೆ ಮಾತಾಡುತ್ತೆ, ಕರೆಂಟಿನ ಲೆಕ್ಕಕ್ಕೆ ಅಷ್ಟು ಕೈ ಹಾಕಲ್ಲ. ಎರಡನ್ನೂ ಒಟ್ಟಿಗೆ ಕೇಳೋದು ಅಂತಾರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರ. ಚಿಕ್ಕದಾಗಿ ಐಪಿಇ ಅನ್ನೋಣ.

ಬ್ರಿಟನ್ನಿನ ಸೂಸನ್ ಸ್ಟ್ರೇಂಜ್ ಅನ್ನೋ ವಿದ್ವಾಂಸೆ 1970ರಲ್ಲಿ ಒಂದು ಲೇಖನ ಬರೆದು, ಈ ಎರಡೂ ಶಾಸ್ತ್ರಗಳು ಒಂದನ್ನೊಂದು ಕಡೆಗಣಿಸಿವೆ ಅಂತ ಜಗಳ ತೆಗೆದರು. ಮುಂದೆ 1988ರಲ್ಲಿ 'ಸ್ಟೇಟ್ಸ್ ಅಂಡ್ ಮಾರ್ಕೆಟ್ಸ್' ಅನ್ನೋ ಪುಸ್ತಕ ಬರೆದರು. ಅವರ ಪ್ರಕಾರ ಜಗತ್ತಿನಲ್ಲಿ ಅಧಿಕಾರ ನಾಲ್ಕು ರಚನೆಗಳಲ್ಲಿ ಅಡಗಿರುತ್ತೆ: ಭದ್ರತೆ, ಉತ್ಪಾದನೆ, ಹಣಕಾಸು, ಜ್ಞಾನ. ನಿನ್ನ ಮೇಲೆ ಯಾರೂ ಕೈ ಎತ್ತದಿದ್ದರೂ, ನೀನು ಆಡೋ ಆಟದ ನಿಯಮ ಬರೆದವರು ನಿನ್ನ ಮೇಲೆ ಅಧಿಕಾರ ನಡೆಸ್ತಾ ಇರ್ತಾರೆ ಅನ್ನೋದು ಅವರ ವಾದ. ಯಾವ ವಿಷಯ ಎತ್ತಿಕೊಂಡರೂ ಅವರು ಕೇಳೋ ಪ್ರಶ್ನೆ ಒಂದೇ: ಇದರಿಂದ ಲಾಭ ಯಾರಿಗೆ?

ನಾಲ್ಕು ರಚನೆ, ನಾವು ನಾಲ್ವರು, ನಾಲ್ಕು ತಾಲೂಕು. ಒಬ್ಬೊಬ್ಬರು ಒಂದೊಂದನ್ನ ಹಂಚಿಕೊಂಡೆವು.

ಗಂಗಾವತಿ: ಭತ್ತ ಮತ್ತು ಭದ್ರತೆ

ಭದ್ರತೆ ಅಂದರೆ ಸೈನ್ಯ, ಬಾಂಬು ಅಷ್ಟೇ ಅಲ್ಲ. ಊಟದ ಭದ್ರತೆಯೂ ಭದ್ರತೆಯೇ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿ, ಕಾರಟಗಿ ಕಡೆ ಭತ್ತದ ಸೀಮೆ ಆಯ್ತು. ಇಲ್ಲಿನ ಸೋನಾ ಮಸೂರಿ ಬೆಂಗಳೂರಿನ ಅಂಗಡಿಗೂ ಹೋಗುತ್ತೆ, ಸಮುದ್ರ ದಾಟಿಯೂ ಹೋಗುತ್ತೆ. ಜಗತ್ತಿನ ಅಕ್ಕಿ ರಫ್ತಿನಲ್ಲಿ ಭಾರತದ ಪಾಲು ಸುಮಾರು ಶೇ. 40.

ಈಗ 2023ರ ಜುಲೈಗೆ ಹೋಗೋಣ. ನಾವು ಆಗ ಸೆಕೆಂಡ್ ಪಿಯುಸಿ. ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತನ್ನ ನಿಷೇಧಿಸಿತು. ಅದಕ್ಕೂ ಮುಂಚೆ 2022ರ ಸೆಪ್ಟೆಂಬರ್‌ನಲ್ಲಿ ನುಚ್ಚಕ್ಕಿ ರಫ್ತು ನಿಂತಿತ್ತು, ಬಿಳಿ ಅಕ್ಕಿಗೆ ಶೇ. 20 ಸುಂಕ ಬಿದ್ದಿತ್ತು. 2023ರ ಆಗಸ್ಟ್‌ನಲ್ಲಿ ಕುಸುಬಲಕ್ಕಿಗೂ ಶೇ. 20 ಸುಂಕ ಬಂತು. ಅದೇ ತಿಂಗಳು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಕ್ಕಿ ಬೆಲೆ ಸೂಚ್ಯಂಕ 15 ವರ್ಷದಲ್ಲೇ ಗರಿಷ್ಠ ಮಟ್ಟ ಮುಟ್ಟಿತು.

ಅಂದರೆ ಜಗತ್ತಿನಲ್ಲಿ ಅಕ್ಕಿಗೆ ಅಷ್ಟು ವರ್ಷದಲ್ಲೇ ಒಳ್ಳೆಯ ಬೆಲೆ ಬಂದ ಹೊತ್ತಿಗೆ, ಗಂಗಾವತಿಯ ಮಿಲ್ಲಿನಿಂದ ಬಂದರಿಗೆ ಹೋಗೋ ಬಾಗಿಲು ಮುಚ್ಚಿತ್ತು. ಸಾಲದ್ದಕ್ಕೆ ಅದು ಬರದ ವರ್ಷ. ಡ್ಯಾಮು ತುಂಬಲಿಲ್ಲ, ಎರಡನೇ ಬೆಳೆಗೆ ನೀರು ಸಿಗಲಿಲ್ಲ.

ಹಾಗಾದರೆ ಸರ್ಕಾರ ತಪ್ಪು ಮಾಡಿತಾ? ಅವಸರ ಬೇಡ. ಅದೇ 2023ರ ಜೂನ್‌ನಲ್ಲಿ ಇನ್ನೊಂದು ಘಟನೆ ನಡೆದಿತ್ತು. ಅನ್ನಭಾಗ್ಯಕ್ಕೆ ಹೆಚ್ಚುವರಿ 5 ಕೆಜಿ ಕೊಡೋಕೆ ರಾಜ್ಯ ಸರ್ಕಾರ ಅಕ್ಕಿ ಹುಡುಕ್ತಾ ಇತ್ತು. ಕೇಂದ್ರ ತನ್ನ ಗೋದಾಮಿನ ಅಕ್ಕಿಯನ್ನ ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ರಾಜ್ಯಗಳಿಗೆ ಮಾರೋದನ್ನ ನಿಲ್ಲಿಸಿತು. ಕೊನೆಗೆ ಜುಲೈನಿಂದ ರಾಜ್ಯ ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ಒಬ್ಬರಿಗೆ ತಿಂಗಳಿಗೆ 170 ರೂಪಾಯಿ ಖಾತೆಗೆ ಹಾಕಿತು. ಅಕ್ಕಿ ಬೆಳೆಯೋ ರೈತನ ಮನೆಯಲ್ಲೂ ರೇಷನ್ ಕಾರ್ಡ್ ಇದೆ ಅನ್ನೋದು ನೆನಪಿರಲಿ. ಮಾರುವಾಗ ಬೆಲೆ ಏರಲಿ ಅನ್ನೋದೂ, ಕೊಳ್ಳುವಾಗ ಇಳಿಯಲಿ ಅನ್ನೋದೂ ಒಂದೇ ಮನೆ.

ಐಪಿಇ ಇಲ್ಲಿ ಒಂದು ಪಟ್ಟಿ ಹಾಕು ಅನ್ನುತ್ತೆ. ರಫ್ತು ನಿಂತರೆ ದೇಶದ ಒಳಗೆ ಕೊಂಡು ತಿನ್ನೋರಿಗೆ ಅನುಕೂಲ. ಬೆಳೆದವರಿಗೆ ಸಿಗಬಹುದಾಗಿದ್ದ ಬೆಲೆ ಕೈತಪ್ಪುತ್ತೆ. ಥಾಯ್ಲೆಂಡ್, ವಿಯೆಟ್ನಾಂ ರಫ್ತುದಾರರಿಗೆ ಒಳ್ಳೆಯ ಕಾಲ. ನಮ್ಮ ಅಕ್ಕಿ ನಂಬಿದ್ದ ಆಫ್ರಿಕಾದ ಬಡ ದೇಶಗಳಿಗೆ ಹೊರೆ. ನಿಷೇಧ ತೆರವಾಗಿದ್ದು 2024ರ ಸೆಪ್ಟೆಂಬರ್ 28ಕ್ಕೆ, ಟನ್ನಿಗೆ 490 ಡಾಲರ್ ಕನಿಷ್ಠ ಬೆಲೆಯ ಷರತ್ತಿನ ಮೇಲೆ. ಆ ಷರತ್ತೂ ಮುಂದಿನ ತಿಂಗಳು ಹೋಯ್ತು.

ಇದಕ್ಕೂ ಮೇಲೆ ಇನ್ನೊಂದು ಸ್ವಿಚ್ ಇದೆ, ವಿಶ್ವ ವ್ಯಾಪಾರ ಸಂಸ್ಥೆ. ಬೆಂಬಲ ಬೆಲೆ ಕೊಟ್ಟು ಕೊಳ್ಳೋ ಸಹಾಯಧನ ಬೆಳೆಯ ಒಟ್ಟು ಮೌಲ್ಯದ ಶೇ. 10 ದಾಟಬಾರದು ಅಂತ ಭಾರತದಂಥ ದೇಶಗಳಿಗೆ ಮಿತಿ. ಆ ಲೆಕ್ಕಕ್ಕೆ ಹೋಲಿಕೆಯ ಬೆಲೆ ಯಾವುದು ಗೊತ್ತಾ? 1986ರಿಂದ 88ರ ಬೆಲೆ! ಲ್ಯಾಬಿನಲ್ಲಿ ಅಷ್ಟು ಹಳೇ ಕ್ಯಾಲಿಬ್ರೇಷನ್ ಇಟ್ಟುಕೊಂಡು ರೀಡಿಂಗ್ ತಗೊಂಡರೆ ಮೇಡಂ ರೆಕಾರ್ಡ್ ಬುಕ್ಕಿಗೆ ಸಹಿ ಹಾಕ್ತಾರಾ? ಭಾರತ ಇದನ್ನ ಬದಲಾಯಿಸಿ ಅಂತ ವರ್ಷಗಟ್ಟಲೆ ವಾದಿಸಿದೆ. 2013ರಲ್ಲಿ ಬಾಲಿ ಸಭೆಯಲ್ಲಿ ಸಿಕ್ಕಿದ್ದು ತಾತ್ಕಾಲಿಕ ರಕ್ಷಣೆ ಮಾತ್ರ, ಅದಕ್ಕೆ 'ಪೀಸ್ ಕ್ಲಾಸ್' ಅಂತಾರೆ. 2018-19ರ ಭತ್ತದ ಲೆಕ್ಕದಲ್ಲಿ ಮಿತಿ ದಾಟಿ, ಆ ರಕ್ಷಣೆಯನ್ನ ಬಳಸಿದ ಮೊದಲ ದೇಶ ಭಾರತ.

ಕುಷ್ಟಗಿ: ಕಲ್ಲು ಮತ್ತು ಹಣಕಾಸು

ಇಳಕಲ್-ಕುಷ್ಟಗಿ ಕಡೆಯ ಕೆಂಪು ಗ್ರಾನೈಟ್ ನೋಡಿರಬಹುದು. ಕ್ವಾರಿಯಲ್ಲಿ ಕತ್ತರಿಸಿದ ದೊಡ್ಡ ಬ್ಲಾಕುಗಳು ಲಾರಿ ಮೇಲೆ ಹೋಗ್ತಾವೆ. ಭಾರತದ ಕಚ್ಚಾ ಗ್ರಾನೈಟ್ ಕೊಳ್ಳೋರಲ್ಲಿ ಚೀನಾ ಮುಂದು. ಕಲ್ಲು ನಮ್ಮದು, ಕೊಳ್ಳೋರು ಚೀನಾದವರು, ವ್ಯವಹಾರ ಮಾತ್ರ ಹೆಚ್ಚಾಗಿ ಅಮೆರಿಕದ ಡಾಲರಿನಲ್ಲಿ. ಈ ಮೂರನೆಯವನು ಮಧ್ಯೆ ಹೇಗೆ ಬಂದ? ಹಣಕಾಸು ರಚನೆಯ ಪಾಠ ಇದೇ.

2013ರ ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕಿ, ನಾವು ಬಾಂಡ್ ಕೊಳ್ಳೋದನ್ನ ಮುಂದೆ ಕಡಿಮೆ ಮಾಡಬಹುದು ಅನ್ನೋ ಸೂಚನೆ ಕೊಟ್ಟರು. ಇನ್ನೂ ಮಾಡಿರಲಿಲ್ಲ, ಹೇಳಿದ್ದು ಅಷ್ಟೇ. ಭಾರತದಂಥ ದೇಶಗಳಲ್ಲಿ ಹೂಡಿದ್ದ ಡಾಲರು ವಾಪಸ್ ಹೊರಟಿತು. ಡಾಲರಿಗೆ ಸುಮಾರು 55 ರೂಪಾಯಿ ಇದ್ದದ್ದು ಆಗಸ್ಟ್ ಕೊನೆಗೆ 68ರ ಹತ್ತಿರ ಹೋಯ್ತು.

ಲೆಕ್ಕ ಮಾಡಿ ನೋಡಿ. 1,000 ಡಾಲರಿನ ಕಲ್ಲಿಗೆ ಮೇನಲ್ಲಿ 55,000 ರೂಪಾಯಿ, ಆಗಸ್ಟ್‌ನಲ್ಲಿ 68,000. ಕ್ವಾರಿ ಮಾಲೀಕನಿಗೆ ಹಬ್ಬ ಅನ್ನಿಸುತ್ತೆ. ಆದರೆ ದೇಶ ಕಚ್ಚಾತೈಲ ಕೊಳ್ಳೋದೂ ಡಾಲರಿನಲ್ಲೇ. ಕ್ವಾರಿಯ ಮಷಿನ್ನಿಗೂ ಡೀಸೆಲ್ ಬೇಕು, ಲಾರಿಗೂ ಬೇಕು, ಮಳೆ ನಂಬಿ ಬಿತ್ತೋ ರೈತನ ಬಾಡಿಗೆ ಟ್ರ್ಯಾಕ್ಟರಿಗೂ ಬೇಕು. ಕಲ್ಲು ಮಾರೋನಿಗೆ ಹೆಚ್ಚು ರೂಪಾಯಿ ಬರುತ್ತೆ. ಏನನ್ನೂ ರಫ್ತು ಮಾಡದ ರೈತನಿಗೆ ಖರ್ಚು ಮಾತ್ರ ಬರುತ್ತೆ. ವಾಷಿಂಗ್ಟನ್‌ನಲ್ಲಿ ಆಡಿದ ಒಂದು ಮಾತು ಕುಷ್ಟಗಿಯ ಎರಡು ಮನೆಗೆ ಎರಡು ಥರ ತಟ್ಟುತ್ತೆ. ಡಾಲರು ಅಚ್ಚು ಹಾಕೋ ದೇಶಕ್ಕೆ ಈ ತಾಪತ್ರಯ ಇಲ್ಲ.

ಯಲಬುರ್ಗಾ: ಆಟಿಕೆ ಮತ್ತು ಜ್ಞಾನ

ಯಲಬುರ್ಗಾ ಸೀಮೆಯ ಭಾನಾಪುರ ಈಗ ಹೊಸ ಕುಕನೂರು ತಾಲೂಕಿಗೆ ಸೇರಿದೆ. ಅಲ್ಲಿ ಸುಮಾರು 400 ಎಕರೆಯಲ್ಲಿ ಏಕಸ್ ಕಂಪನಿಯ ಆಟಿಕೆ ಕ್ಲಸ್ಟರ್ ಇದೆ. ಶಂಕುಸ್ಥಾಪನೆ ಆಗಿದ್ದು 2021ರ ಜನವರಿಯಲ್ಲಿ. ಪ್ಲಾಸ್ಟಿಕ್ ಆಟಿಕೆ ಅಂದರೆ ಚೀನಾ ಅನ್ನೋ ಕಾಲದಲ್ಲಿ ಜೋಳ, ಕಡಲೆ ಬೆಳೆಯೋ ಎರೆಭೂಮಿ ಪಕ್ಕ ಆಟಿಕೆ ಕಾರ್ಖಾನೆ ಯಾಕೆ ಬಂತು?

2020ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಆಟಿಕೆ ಆಮದು ಸುಂಕವನ್ನ ಶೇ. 20ರಿಂದ 60ಕ್ಕೆ ಏರಿಸಿತು, 2023ರಲ್ಲಿ 70ಕ್ಕೆ. ಇದು ಎಲ್ಲರಿಗೂ ಕಾಣೋ ಗೋಡೆ. ಕಾಣದ ಗೋಡೆ ಇನ್ನೊಂದಿದೆ. 2021ರ ಜನವರಿ 1ರಿಂದ ಐಎಸ್‌ಐ ಗುರುತಿಲ್ಲದ ಆಟಿಕೆ ಮಾರೋ ಹಾಗಿಲ್ಲ. ಮಗು ಬಾಯಿಗೆ ಹಾಕಿದರೆ ಬಣ್ಣದಲ್ಲಿ ವಿಷ ಇರಬಾರದು, ಬಿಡಿಭಾಗ ಕಿತ್ತು ಬರಬಾರದು. ನಿಯಮ ಒಳ್ಳೆಯದೇ. ಆದರೆ ಸುರಕ್ಷಿತ ಅಂದರೆ ಏನು ಅಂತ ಬರೆಯೋ ಕೈಗೆ ಮಾರುಕಟ್ಟೆಗೆ ಯಾರು ಬರಬೇಕು ಅಂತ ತೀರ್ಮಾನಿಸೋ ಶಕ್ತಿಯೂ ಬರುತ್ತೆ. ನಮ್ಮ ಐಎಸ್ 9873 ಮಾನದಂಡಕ್ಕೆ ಮೂಲ ಐಎಸ್‌ಒ 8124 ಅನ್ನೋ ಅಂತಾರಾಷ್ಟ್ರೀಯ ಮಾನದಂಡ. ಜ್ಞಾನದ ರಚನೆ ಅಂದರೆ ಇದು.

ಈಗ ಕೊಪ್ಪಳದ ಪಕ್ಕದ ಕಿನ್ನಾಳಕ್ಕೆ ಬನ್ನಿ. ಅಲ್ಲಿನ ಚಿತ್ರಗಾರ ಮನೆತನಗಳು ತಲೆತಲಾಂತರದಿಂದ ಹಗುರ ಮರದಲ್ಲಿ ಗೊಂಬೆ ಮಾಡ್ತಾ ಬಂದಿವೆ. ಹುಣಸೆಬೀಜದ ಅಂಟು, ಮರದ ಪುಡಿ ಎಲ್ಲಾ ಬಳಸ್ತಾರೆ. ಅವರು ಪ್ರತಿ ಗೊಂಬೆಯನ್ನ ಲ್ಯಾಬಿಗೆ ಕಳಿಸೋಕೆ ಆಗುತ್ತಾ? ಹೊಸ ನಿಯಮ ಹಾಗೇ ಜಾರಿಯಾಗಿದ್ದರೆ ಚೀನಾದ ಆಟಿಕೆಗೆ ಕಟ್ಟಿದ ಗೋಡೆ ಕಿನ್ನಾಳದ ಮೇಲೇ ಬೀಳ್ತಿತ್ತು. ನಿಯಮ ಜಾರಿಗೆ ಮುಂಚೆ, 2020ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಮಾಡಿ ನೋಂದಾಯಿತ ಕರಕುಶಲಿಗಳಿಗೂ, ಜಿಐ ಟ್ಯಾಗ್ ಇರೋ ಆಟಿಕೆಗಳಿಗೂ ವಿನಾಯಿತಿ ಕೊಟ್ಟರು. ಕಿನ್ನಾಳ ಗೊಂಬೆಗೆ ಜಿಐ ಟ್ಯಾಗ್ ಇದೆ. ನಾವು ಜಿಐ ಅಂದರೆ ಪ್ರಚಾರಕ್ಕೆ ಹಚ್ಚೋ ಸ್ಟಿಕ್ಕರ್ ಅಂದುಕೊಂಡಿದ್ವಿ. ಇಲ್ಲಿ ಅದು ಒಂದು ಊರಿನ ಕಸುಬನ್ನ ಉಳಿಸೋ ಕಾನೂನಿನ ಸಾಲು ಆಯ್ತು.

ಕೊಪ್ಪಳ: ಉಕ್ಕು ಮತ್ತು ಉತ್ಪಾದನೆ

ಇದನ್ನ ಬರೆಯೋವಾಗ ರೂಮಿನಲ್ಲಿ ಜಗಳ ಆಯ್ತು. ಹಾಗಾಗಿ ಎರಡೂ ಕಡೆ ಹೇಳ್ತೀವಿ.

ಕೊಪ್ಪಳದಿಂದ ಹೊಸಪೇಟೆ ಕಡೆ ಹೋದರೆ ಗಿಣಿಗೇರಾ ಸುತ್ತ ಉಕ್ಕು, ಸ್ಪಾಂಜ್ ಐರನ್ ಕಾರ್ಖಾನೆಗಳ ಸಾಲು. ಅದಿರು ಪಕ್ಕದ ಸಂಡೂರು-ಹೊಸಪೇಟೆಯಲ್ಲಿದೆ, ನೀರು ತುಂಗಭದ್ರೆಯಲ್ಲಿದೆ, ರೈಲು ಮಾರ್ಗ ಇದೆ. 2000ರ ದಶಕದಲ್ಲಿ ಚೀನಾ ಉಕ್ಕಿಗಾಗಿ ಹಸಿದಾಗ ಬಳ್ಳಾರಿ ಸೀಮೆಯ ಅದಿರು ಹಡಗು ಹತ್ತಿತು. ಅಕ್ರಮ ಗಣಿಗಾರಿಕೆ ಮಿತಿಮೀರಿತು. 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ತಡೆಯಿತು. 2022ರ ಮೇನಲ್ಲಿ ಕೋರ್ಟು ರಫ್ತಿಗೆ ಮತ್ತೆ ಅನುಮತಿ ಕೊಟ್ಟಿತು. ಅದೇ ತಿಂಗಳು ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನ ಶೇ. 50ರವರೆಗೆ ಏರಿಸಿ, ನವೆಂಬರ್‌ನಲ್ಲಿ ಇಳಿಸಿತು. ಅದಿರು ಹೊರಗೆ ಹೋಗದಿದ್ದರೆ ಇಲ್ಲೇ ಉಕ್ಕಾಗುತ್ತೆ. ಉಕ್ಕು ಇಲ್ಲಾದರೆ ಹೊಗೆಯೂ ಇಲ್ಲೇ.

2025ರ ಫೆಬ್ರವರಿಯಲ್ಲಿ ಪಟ್ಟಣದ ಪಕ್ಕದಲ್ಲೇ ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆಯ ಯೋಜನೆ ಪ್ರಕಟವಾಯ್ತು. ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯ್ತು. ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿಗಳೂ ಜನರ ಜೊತೆ ನಿಂತರು. ನಮ್ಮ ಕೊಪ್ಪಳದ ಗೆಳೆಯನ ಮನೆಯವರು ಅವತ್ತು ಮೆರವಣಿಗೆಯಲ್ಲಿದ್ದರು. ಅವರ ಮಾಳಿಗೆ ಮೇಲೆ ಹಪ್ಪಳ ಒಣಹಾಕಿದರೆ ಸಂಜೆಗೆ ಕಪ್ಪು ಧೂಳು. ಇನ್ನೊಬ್ಬ ಗೆಳೆಯನ ಅಣ್ಣ ಡಿಪ್ಲೊಮಾ ಮುಗಿಸಿ ಇಂಥದ್ದೇ ಕಾರ್ಖಾನೆಯ ಸಂಬಳದಲ್ಲಿ ಮನೆ ನಡೆಸ್ತಾ ಇದ್ದಾನೆ. "ಧೂಳು ಬ್ಯಾಡಂದ್ರ ಕೆಲಸ ಎಲ್ಲಿಂದ ತರ್ತೀರಿ?" ಅಂತ ಅವನು. "ನೌಕರಿ ಒಬ್ಬಗ, ಕೆಮ್ಮು ಊರಿಗೆಲ್ಲಾ" ಅಂತ ಇವನು. ಅವತ್ತು ರಾತ್ರಿ ಇಬ್ಬರೂ ಬೇರೆ ಬೇರೆ ಟೇಬಲ್‌ನಲ್ಲಿ ಊಟ ಮಾಡಿದರು.

ಇದರ ನಡುವೆ ನಮಗೆ ಸಿಕ್ಕ ಒಂದು ಅಂಶ. ಯುರೋಪಿಯನ್ ಒಕ್ಕೂಟ 'ಸಿಬ್ಯಾಮ್' ಅನ್ನೋ ಗಡಿ ತೆರಿಗೆ ತಂದಿದೆ. ಹೊರಗಿನಿಂದ ಬರೋ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್ ಮಾಡುವಾಗ ಎಷ್ಟು ಇಂಗಾಲ ಹೊರಬಂತು ಅಂತ 2023ರ ಅಕ್ಟೋಬರ್‌ನಿಂದ ಲೆಕ್ಕ ಕೊಡಬೇಕಿತ್ತು. 2026ರ ಜನವರಿಯಿಂದ ಅದಕ್ಕೆ ದುಡ್ಡಿನ ಹೊಣೆಯೂ ಸೇರಿತು. ಕಲ್ಲಿದ್ದಲು ಸುಟ್ಟು ಮಾಡಿದ ಉಕ್ಕಿಗೆ ಹೊರೆ ಜಾಸ್ತಿ. ಗಮನಿಸಿ, ಆ ಲೆಕ್ಕದಲ್ಲಿ ಬರೋದು ಇಡೀ ಭೂಮಿಗೆ ತಟ್ಟೋ ಇಂಗಾಲ. ಮಾಳಿಗೆ ಮೇಲಿನ ಕಪ್ಪು ಧೂಳಿಗೆ ಅದರಲ್ಲಿ ಕಾಲಮ್ಮೇ ಇಲ್ಲ. ಏನನ್ನ ಅಳೀಬೇಕು ಅಂತ ತೀರ್ಮಾನಿಸಿದವರು ಯುರೋಪಿನವರು, ಅವರಿಗೆ ತಟ್ಟೋದನ್ನ ಅಳೀತಾರೆ. ನಮಗೆ ತಟ್ಟೋದನ್ನ ನಾವೇ ಅಳೀಬೇಕು. ಸೆನ್ಸರ್ ಮಾಡೋದು ಕಲೀತಿರೋ ನಮಗೆ ಈ ಮಾತು ಚುಚ್ಚಿತು.

ಜಗಳ ಪೂರ್ತಿ ಬಗೆಹರಿದಿಲ್ಲ. ಆದರೆ 'ನೌಕರಿನಾ, ಧೂಳಾ' ಅನ್ನೋ ಪ್ರಶ್ನೆ, 'ಧೂಳು ತಡೆಯೋ ಖರ್ಚು ಯಾರು ಕೊಡಬೇಕು' ಅಂತ ಬದಲಾಗಿದೆ. ಈಗ ಇಬ್ಬರೂ ಒಂದೇ ಟೇಬಲ್‌ನಲ್ಲಿ ಕೂತು ಜಗಳ ಆಡ್ತಾರೆ.

ಮಾಸ್ಟರ್ಸ್‌ನಲ್ಲಿ ಏನು ಓದಬೇಕು, ಹೇಗೆ ತಯಾರಾಗಬೇಕು?

ಮಾಸ್ಟರ್ಸ್ ಮಟ್ಟದಲ್ಲಿ ಮೊದಲು ಬರೋದು ಮೂರು ಹಳೇ ದೃಷ್ಟಿಗಳು. ಬಾಗಿಲು ತೆರೆದಿಟ್ಟರೆ ಎಲ್ಲರಿಗೂ ಲಾಭ ಅನ್ನೋ ಉದಾರವಾದ. ದೇಶದ ಬಲ ಮೊದಲು ಅನ್ನೋ ರಾಷ್ಟ್ರೀಯ ದೃಷ್ಟಿ. ದುಡಿಯೋರು ಯಾರು, ದೋಚೋರು ಯಾರು ಅಂತ ಕೇಳೋ ಮಾರ್ಕ್ಸ್‌ವಾದಿ ದೃಷ್ಟಿ. ರಾಬರ್ಟ್ ಗಿಲ್ಪಿನ್ 1987ರ ಪುಸ್ತಕದಲ್ಲಿ ಈ ಮೂರನ್ನೂ ಒಟ್ಟಿಗೆ ಇಟ್ಟು ಚರ್ಚಿಸ್ತಾರೆ. ಅಕ್ಕಿ ನಿಷೇಧವನ್ನ ಮೂರೂ ಕನ್ನಡಕದಲ್ಲಿ ನೋಡಿ ಒಂದೊಂದು ಪುಟ ಬರೆದರೆ ಅಭ್ಯಾಸ ಚೆನ್ನಾಗಿ ಆಗುತ್ತೆ. ನಾವು ಮಾಡಿದ್ದು ಅದನ್ನೇ.

ನಮ್ಮ ಗಣಿತ ವ್ಯರ್ಥ ಆಗಲ್ಲ. 2023ರಲ್ಲಿ ಬರವೂ ಇತ್ತು, ನಿಷೇಧವೂ ಇತ್ತು. ಬೆಲೆಯ ಬದಲಾವಣೆಯಲ್ಲಿ ಯಾವುದರ ಪಾಲು ಎಷ್ಟು ಅಂತ ಬೇರ್ಪಡಿಸೋಕೆ ಸಂಖ್ಯಾಶಾಸ್ತ್ರ, ರಿಗ್ರೆಷನ್ ಬೇಕು. ದೇಶಗಳ ಚೌಕಾಸಿಗೆ ಗೇಮ್ ಥಿಯರಿ ಬೇಕು. ನಮಗೆ ಕಷ್ಟ ಆಗೋದು ಓದು ಮತ್ತು ಬರವಣಿಗೆ. ಅಲ್ಲಿ ಕೀ ಆನ್ಸರ್ ಇರಲ್ಲ. ಎರಡು ಪುಟದ ವಾದ ಕಟ್ಟಿ, ಎದುರಿನವರ ವಾದವನ್ನೂ ನ್ಯಾಯವಾಗಿ ಹೇಳಿ ಉತ್ತರ ಕೊಡಬೇಕು.

ಎಲ್ಲಿ ಓದಬಹುದು? ದೆಹಲಿಯ ಜೆಎನ್‌ಯುನಲ್ಲಿ ಅಂತಾರಾಷ್ಟ್ರೀಯ ಅಧ್ಯಯನಗಳ ಶಾಲೆ ಇದೆ. ಅಲ್ಲಿ ವಿಶ್ವ ಆರ್ಥಿಕತೆಗೆ ಒತ್ತು ಕೊಡೋ ಎಂಎ ಅರ್ಥಶಾಸ್ತ್ರವೂ ಇದೆ, ಪ್ರವೇಶ ಸಿಯುಇಟಿ-ಪಿಜಿ ಮೂಲಕ. ಹೊರಗೆ ಹೋಗೋದಾದರೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಕಿಂಗ್ಸ್ ಕಾಲೇಜ್ ಲಂಡನ್, ವಾರಿಕ್, ಸಿಂಗಪುರದ ಎನ್‌ಟಿಯು, ಈ ನಾಲ್ಕೂ ಕಡೆ ಐಪಿಇ ಹೆಸರಿನಲ್ಲೇ ಮಾಸ್ಟರ್ಸ್ ಇದೆ. ಫೀಸು ದೊಡ್ಡದು. ಬ್ರಿಟನ್ನಿಗೆ ಚೀವ್ನಿಂಗ್ ವಿದ್ಯಾರ್ಥಿವೇತನ ಇದೆ, ಅದಕ್ಕೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಕೇಳ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ ಇದೆ. ಅರ್ಹತೆಯ ನಿಯಮಗಳನ್ನ ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ, ಸೀನಿಯರ್ ಮಾತು ನಂಬಬೇಡಿ, ನಮ್ಮದನ್ನೂ ಸೇರಿಸಿ.

ಈ ಓದಿಗೆ ಕ್ಯಾಂಪಸ್ ಪ್ಲೇಸ್‌ಮೆಂಟ್ ಥರ ಸಾಲು ಇಲ್ಲ. ದೆಹಲಿಯ ಸೆಂಟರ್ ಫಾರ್ ಡಬ್ಲ್ಯುಟಿಒ ಸ್ಟಡೀಸ್‌ನಂಥ ಸಂಶೋಧನಾ ಕೇಂದ್ರಗಳು, ಪತ್ರಿಕೆಗಳು, ಕಂಪನಿಗಳ ವ್ಯಾಪಾರ ನೀತಿ ವಿಭಾಗ, ಇಲ್ಲ ಅಂದರೆ ಯುಪಿಎಸ್‌ಸಿ. ಇದನ್ನ ಮನೆಯಲ್ಲಿ ಮುಚ್ಚಿಡದೆ ಹೇಳಬೇಕು.

ಕೊನೆಗೆ ಅಪ್ಪನಿಗೆ ಹೇಳಿದ್ದು

ಹೋದ ವಾರ ನಮ್ಮ ಗೆಳೆಯ ಮನೆಗೆ ಫೋನ್ ಮಾಡಿದ. ಸ್ಪೀಕರ್ ಆನ್, ನಾವು ಮೂವರೂ ಪಕ್ಕದಲ್ಲಿ.

"ಅಪ್ಪಾ, ರೇಟು ಒಬ್ರು ಕಟ್ಟಂಗಿಲ್ಲ. ದಲಾಲಿ ಅಂಗಡಿಯವ್ರು ಕೊನೀಗೆ ಹೇಳ್ತಾರ ಅಷ್ಟ. ಅವರಿಗಿಂತ ಮುಂಚೆ ಮಿಲ್ಲು, ಮಿಲ್ಲಿಗಿಂತ ಮುಂಚೆ ದೆಹಲಿ ಆರ್ಡರು, ಅದಕ್ಕೂ ಮುಂಚೆ ಜಿನೀವಾದಾಗ ಒಂದು ಸಭೆ ಐತಿ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಆ ಸಭೆದಾಗ ನಮ್ಮ ಕಡೇವ್ರು ಯಾರರೆ ಅದಾರೇನು?"

ಸಾಲದ ಮಾತು ಇನ್ನೂ ಬಾಕಿ ಇದೆ, ಒಪ್ಪಿಗೆ ಸಿಕ್ಕಿಲ್ಲ. ಆದರೆ ಬೇಡ ಅಂತಲೂ ಅವರು ಹೇಳಲಿಲ್ಲ.

ನಿಮಗೊಂದು ಹೋಂವರ್ಕ್. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ಬಾಚಣಿಕೆಗೆ ಸಿಕ್ಕ ಕೂದಲನ್ನ ಬಿಡಿಸಿ, ಉದ್ದ ನೋಡಿ ಜೋಡಿಸೋ ಕೆಲಸ ಮನೆಮನೆಯಲ್ಲೂ ನಡೆಯುತ್ತೆ. ಆ ಕೂದಲು ವಿಗ್ ಆಗೋಕೆ ವಿದೇಶಕ್ಕೆ ಹೋಗುತ್ತೆ. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ಕೂದಲಿನ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಯಾಕೆ ಮಾಡಿತು, ಇದರಿಂದ ಲಾಭ ಯಾರಿಗೆ, ಕೂದಲು ಬಿಡಿಸೋ ಅಕ್ಕನ ಕೂಲಿ ಹೆಚ್ಚಿತಾ? ಸ್ಟ್ರೇಂಜ್ ಅವರ ನಾಲ್ಕು ರಚನೆ ಹಾಕಿ ಒಂದು ಪುಟ ಬರೆದು ತನ್ನಿ. ಭಾನುವಾರ ಮೆಸ್ ಊಟ ಆದ ಮೇಲೆ ನಾವು ಅಲ್ಲೇ ಇರ್ತೀವಿ.